ನೀರುಗಂಟಿಯ ಆಯದಿಂದ ಪಂಚಾಯ್ತಿ ಆಯವ್ಯಯದವರೆಗೆ

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಗ್ರಾಮ ಪಂಚಾಯ್ತಿ ಬಜೆಟ್ಟಿನ ಮಾತು ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕಾರಣ ಇದೆ. ಆಗಿನ ಮೈಸೂರು ರಾಜ್ಯದಲ್ಲಿ 1959ರಲ್ಲಿ ಆದ ಕಾಯಿದೆಗಳ ಪಟ್ಟಿ ತೆಗೆದು ನೋಡಿದರೆ, ಹತ್ತನೆಯ ನಂಬರಿನದು ಗ್ರಾಮ ಪಂಚಾಯ್ತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ, ಹನ್ನೊಂದನೆಯದು ಸಹಕಾರ ಸಂಘಗಳ ಕಾಯಿದೆ. ಬೆನ್ನಿಗೆ ಬಿದ್ದು ಹುಟ್ಟಿದ ಅಣ್ಣ ತಮ್ಮಂದಿರು! ಅಣ್ಣನ ಜಾಗಕ್ಕೆ ಆಮೇಲೆ ಎರಡು ಸಲ ಹೊಸ ಕಾಯಿದೆ ಬಂತು. ತಮ್ಮನದು ತಿದ್ದುಪಡಿಯ ಮೇಲೆ ತಿದ್ದುಪಡಿ ಹೊತ್ತುಕೊಂಡು ಇವತ್ತಿಗೂ ನಡೆದಿದೆ. ಇಬ್ಬರಿಗೂ ಒಂದು ಕಟ್ಟಳೆ ಸಮಾನ. ವರ್ಷದ ಜಮಾ ಖರ್ಚನ್ನು ಯಾರ ದುಡ್ಡೋ ಅವರ ಮುಂದೆ ಇಡಬೇಕು. ಸಂಘದಲ್ಲಿ ಅದಕ್ಕೆ ವಾರ್ಷಿಕ ಮಹಾಸಭೆ ಅಂತಾರೆ, ಪಂಚಾಯ್ತಿಯಲ್ಲಿ ಗ್ರಾಮಸಭೆ ಅಂತಾರೆ.

ಬಜೆಟ್ಟು ಅಂದರೆ ಅಂಕಿಗಳ ಪಟ್ಟಿ. ಓದುವವರಿಗೆ ಬೇಸರ, ಬರೆಯುವವರಿಗೂ ಬೇಸರ. ಆದ್ದರಿಂದ ಊರಿನ ಒಬ್ಬನೇ ಒಬ್ಬ ನೌಕರನನ್ನು ಹಿಡಿದುಕೊಂಡು ಈ ಚರಿತ್ರೆ ಹೇಳುತ್ತೇನೆ. ಅವನು ನೀರುಗಂಟಿ. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಾಯಿಸುತ್ತಿದ್ದವನಿಗೂ ಅದೇ ಹೆಸರು, ಈಗ ಓವರ್‌ಹೆಡ್ ಟ್ಯಾಂಕಿನ ವಾಲ್ವು ತಿರುಗಿಸಿ ನಲ್ಲಿಗೆ ನೀರು ಬಿಡುವವನಿಗೂ ಅದೇ ಹೆಸರು. ಅವನ ಕೂಲಿ ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದನ್ನು ನೋಡುತ್ತ ಹೋದರೆ ಊರಿನ ಬಜೆಟ್ಟು ಯಾರ ಕೈಯಲ್ಲಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ಹಳೆಯ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಆಯಗಾರರ ಪದ್ಧತಿ ಇತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಜೋಯಿಸ, ಅಕ್ಕಸಾಲಿ ಹೀಗೆ ಹನ್ನೆರಡು ಮಂದಿ ಅಂತ ಲೆಕ್ಕ. ಊರಿಂದೂರಿಗೆ ಪಟ್ಟಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತಿತ್ತು. ಸುಗ್ಗಿಯಲ್ಲಿ ಕಣದ ರಾಶಿ ಮನೆಗೆ ಹೋಗುವ ಮೊದಲೇ ಇವರ ಪಾಲನ್ನು ಕೊಳಗದಲ್ಲಿ ಅಳೆದು ಕೊಡುವುದು ವಾಡಿಕೆ. ಆ ಪಾಲಿಗೇ ‘ಆಯ’ ಅಂತ ಹೆಸರು. ನಾವು ಈಗ ಬಜೆಟ್ಟಿಗೆ ‘ಆಯವ್ಯಯ’ ಅನ್ನುತ್ತೇವಲ್ಲ, ಆ ಆಯವೂ ಈ ಆಯವೂ ಒಂದೇ ಮಾತು. ಕಾಗದ ಇಲ್ಲ, ಠರಾವು ಇಲ್ಲ, ಆದರೆ ಅದು ಊರಿನ ಬಜೆಟ್ಟೇ. ಯಾರಿಗೆ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು, ಅಳೆಯುವುದೂ ಎಲ್ಲರ ಕಣ್ಣ ಮುಂದೆಯೇ. ಇದರಲ್ಲಿ ಒಂದು ಜಾಣತನ ಇತ್ತು ನೋಡಿ. ನೀರುಗಂಟಿಯ ಪಾಲು ಬರುತ್ತಿದ್ದುದು ಅವನು ನೀರು ಹಾಯಿಸಿದ ಗದ್ದೆಯ ಬೆಳೆಯಿಂದಲೇ. ಕಾಲುವೆಯ ಕೊನೆಯ ಗದ್ದೆ ಒಣಗಿದರೆ ಅವನ ಕೊಳಗವೂ ಅಷ್ಟಕ್ಕೆ ಬರಿದು.

ಕೆರೆಗೆ ಬೇರೆ ಏರ್ಪಾಡು. ನಮ್ಮ ಶಾಸನಗಳಲ್ಲಿ ‘ಬಿಟ್ಟುವಟ್ಟ’, ‘ಕಟ್ಟುಕೊಡಗೆ’, ‘ದಶವಂದ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಉತ್ಪನ್ನದ ಪಾಲು ಇವು. ಏರಿಗೆ ಮಣ್ಣು ಹೊರುವ ಬಂಡಿಗೆ, ಹೂಳು ತೆಗೆಯುವುದಕ್ಕೆ ಅಂತಲೇ ಜಮೀನು ಬಿಟ್ಟದ್ದೂ ಉಂಟು. ಇಂಥ ಉತ್ಪನ್ನ ಇಂಥ ಕೆಲಸಕ್ಕೇ ಅಂತ ಕಲ್ಲಿನ ಮೇಲೆ ಕೊರೆದಿಟ್ಟರೆ ಯಾರು ತಾನೇ ಬೇರೆ ಬಾಬ್ತಿಗೆ ತಿರುಗಿಸಿಯಾರು?

ಪಕ್ಕದ ತಮಿಳುನಾಡಿನ ಉತ್ತರಮೇರೂರಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಪುರಾವೆ ಸಿಕ್ಕಿದೆ. ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಎರಡು ಶಾಸನಗಳು ಅಲ್ಲಿವೆ. ಊರನ್ನು ಮೂವತ್ತು ವಾರ್ಡು ಮಾಡಿ, ಓಲೆಗರಿಯ ಚೀಟಿ ಬರೆದು ಗಡಿಗೆಗೆ ಹಾಕಿ, ಎಳೆಯ ಹುಡುಗನ ಕೈಲಿ ಎತ್ತಿಸಿ ಸಮಿತಿಗಳಿಗೆ ಆರಿಸುತ್ತಿದ್ದರು. ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು, ಚಿನ್ನದ ಪರೀಕ್ಷೆಗೆ ಒಂದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಚೀಟಿಗೇ ಬರುವಂತಿಲ್ಲ, ಅವನ ಹತ್ತಿರದ ನೆಂಟರ ಹೆಸರೂ ಬರುವಂತಿಲ್ಲ! ಇಷ್ಟು ಬಿಗಿಯಾದ ನಿಯಮ ಈಗ ತಂದರೆ ಎಷ್ಟು ಊರಲ್ಲಿ ನಾಮಪತ್ರ ಹಾಕುವವರು ಉಳಿದಾರು ಎಂಬ ಲೆಕ್ಕ ನಿಮಗೇ ಬಿಡುತ್ತೇನೆ.

ಆದರೆ ಇದನ್ನೆಲ್ಲ ಹೇಳಿ ಹಳೆಯ ಕಾಲವೇ ಚಿನ್ನದ ಕಾಲ ಅಂತ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಉತ್ತರಮೇರೂರಿನ ಆ ಸಭೆ ಬ್ರಾಹ್ಮಣ ಭೂಮಾಲೀಕರ ಸಭೆ. ನಮ್ಮ ಕಡೆಯ ಊರ ಪಂಚಾಯ್ತಿ ಕಟ್ಟೆಯ ಮೇಲೆ ಕೂರುತ್ತಿದ್ದವರು ಯಾರು, ಕೆಳಗೆ ನಿಲ್ಲುತ್ತಿದ್ದವರು ಯಾರು ಎಂಬುದನ್ನು ಹಿರಿಯರು ಬಲ್ಲರು. ಬಹಳ ಊರುಗಳಲ್ಲಿ ತೋಟಿ, ನೀರುಗಂಟಿ ಚಾಕರಿ ಹೊಲೆಮಾದಿಗರ ಕೇರಿಯ ಮನೆಗಳಿಗೆ ವಂಶಪಾರಂಪರ್ಯವಾಗಿ ಅಂಟಿಕೊಂಡಿತ್ತು. ನೀರುಗಂಟಿಗೆ ರಾಶಿಯಲ್ಲಿ ಪಾಲಿತ್ತು, ಮಾತಿನಲ್ಲಿ ಪಾಲಿರಲಿಲ್ಲ. ಹೆಂಗಸರಿಗಂತೂ ಎರಡೂ ಇರಲಿಲ್ಲ. ಬೇಡ ಅನ್ನಲಾಗದ ಚಾಕರಿ ಅದು. ಕೊಳಗ ತುಂಬ ಅಳೆದರೂ ಬಿಟ್ಟಿಯ ವಾಸನೆ ಹೋಗುತ್ತಿರಲಿಲ್ಲ.

ಬ್ರಿಟಿಷರ ಕಾಲಕ್ಕೆ ಕಂದಾಯ ನಗದಾಯಿತು, ಊರಿನ ಆದಾಯ ಖಜಾನೆಗೆ ಹೋಗಿ ಖರ್ಚಿಗೆ ಅರ್ಜಿ ಹಾಕುವ ಪದ್ಧತಿ ಬಂತು. 1882ರಲ್ಲಿ ವೈಸ್‌ರಾಯ್ ರಿಪ್ಪನ್ ಸ್ಥಳೀಯ ಆಡಳಿತದ ಬಗ್ಗೆ ಹೊರಡಿಸಿದ ನಿರ್ಣಯ ಪ್ರಸಿದ್ಧವಾದದ್ದು. ಅದಕ್ಕೆ ಒಂದು ವರ್ಷ ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ದಸರೆಯ ಸಮಯಕ್ಕೆ ಪ್ರಜಾ ಪ್ರತಿನಿಧಿ ಸಭೆ ಕೂಡಿಸಿದ್ದರು. ರಾಜ್ಯದ ಎಲ್ಲ ಕಡೆಗಳಿಂದ 144 ಮಂದಿ ಹೋಗಿ ಕೂತರು, ದಿವಾನರು ರಾಜ್ಯದ ಜಮಾ ಖರ್ಚಿನ ಪರಿಸ್ಥಿತಿ ಅವರಿಗೆ ಓದಿ ಹೇಳಿದರು. ಓಟಿನ ಅಧಿಕಾರ ಇಲ್ಲ, ತಿದ್ದುವ ಅಧಿಕಾರ ಇಲ್ಲ, ಕೇಳಿ ಅಹವಾಲು ಹೇಳಬಹುದು ಅಷ್ಟೆ. ಆದರೂ ದೊರೆತನದಲ್ಲಿ ರೈತರ ಮುಂದೆ ಲೆಕ್ಕ ಓದಿದರು ಎಂಬುದು ಸಣ್ಣ ಮಾತಲ್ಲ.

ಹಳ್ಳಿಯ ಮಟ್ಟಕ್ಕೆ ಇದು ಇಳಿದದ್ದು ನಿಧಾನವಾಗಿ. 1902ರಲ್ಲಿ ಲೋಕಲ್ ಬೋರ್ಡುಗಳ ಕಾಯಿದೆ. 1911ರಲ್ಲಿ ಕೆರೆ ಪಂಚಾಯ್ತಿಗಳ ರೆಗ್ಯುಲೇಷನ್. ಅಂದರೆ ಊರವರು ತಾವಾಗಿ ಮಾಡುತ್ತಿದ್ದುದನ್ನು ಸರ್ಕಾರ ಕಾಯಿದೆ ಮಾಡಿ ಮತ್ತೆ ಮಾಡಿ ಅನ್ನಬೇಕಾದ ಸ್ಥಿತಿ ಬಂದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗ್ರಾಮಾಭಿವೃದ್ಧಿ ಸಮಿತಿಗಳಾದವು. ಊರವರ ಶ್ರಮ, ಚಂದಾ ಜೊತೆಗೆ ಸರ್ಕಾರದ ಪಾಲು ಸೇರಿಸಿ ಬಾವಿ, ರಸ್ತೆ ಮಾಡುವ ಯೋಜನೆ. 1918ರಲ್ಲಿ ಒಂದು, 1926ರಲ್ಲಿ ಇನ್ನೊಂದು ಕಾಯಿದೆ ಬಂದು ಹಳ್ಳಿ ಪಂಚಾಯ್ತಿಗಳಿಗೆ ತೆರಿಗೆ ಹಾಕುವ ಅಧಿಕಾರ ಸಿಕ್ಕಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬಿಜಾಪುರದ ಕಡೆ 1920ರ ಮುಂಬಯಿ ಕಾಯಿದೆ, ದಕ್ಷಿಣ ಕನ್ನಡ, ಬಳ್ಳಾರಿ ಕಡೆ ಮದರಾಸಿನದು, ಬೀದರ್, ಕಲಬುರ್ಗಿ, ರಾಯಚೂರಿಗೆ ನಿಜಾಮರದು. ಅವೆಲ್ಲ ವಿವರ ಇಲ್ಲಿ ಬೇಡ.

ಈ ಮಧ್ಯೆ ತಮ್ಮನ ಕಡೆಯ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಆಯಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಪತ್ತಿನ ಸಂಘ ಸ್ಥಾಪಿಸಿದರು. ದೇಶದ ಕೃಷಿ ಪತ್ತಿನ ಸಹಕಾರಿಗಳಲ್ಲಿ ಅದೇ ಮೊದಲನೆಯದು ಅಂತ ಹೆಸರಾಗಿದೆ. ಹಳ್ಳಿಗರು ಕೂತು ತಮ್ಮ ದುಡ್ಡಿನ ಪುಸ್ತಕ ತಾವೇ ತೆರೆದು ನೋಡುವ ಅಭ್ಯಾಸ ಬಹಳ ಊರುಗಳಲ್ಲಿ ಪಂಚಾಯ್ತಿಗಿಂತ ಮೊದಲು ಸಹಕಾರ ಸಂಘದಲ್ಲೇ ಆಯಿತು ಎಂಬುದು ನನ್ನ ಅಭಿಪ್ರಾಯ. ಷೇರು ಹಣ ಕೈಯಿಂದ ಕೊಟ್ಟವನು ಲೆಕ್ಕ ಕೇಳಲು ಹಿಂಜರಿಯುವುದಿಲ್ಲ. ಮಹಾಸಭೆಯಲ್ಲಿ ಚಹಾದ ಖರ್ಚು ಇಷ್ಟು ಯಾಕಾಯ್ತು ಅಂತ ಅರ್ಧ ತಾಸು ಜಗಳ ಆಗುತ್ತದಲ್ಲ, ಕಾರ್ಯದರ್ಶಿಗಳಿಗೆ ಅದು ತಲೆನೋವು, ಆದರೆ ಆ ಜಗಳವೇ ಬಂಡವಾಳ ಅನ್ನಬೇಕು.

1959ರ ಪಂಚಾಯ್ತಿ ಕಾಯಿದೆ ಬಂದಾಗ ಏಕೀಕರಣವಾಗಿ ಮೂರು ವರ್ಷ. ಎಲ್ಲ ಪ್ರಾಂತ್ಯಗಳಿಗೂ ಒಂದೇ ಕಾಯಿದೆ. ಪಂಚಾಯ್ತಿಗೆ ಮನೆ ಕಂದಾಯ, ಸಂತೆ ಸುಂಕ, ಭೂಕಂದಾಯದಲ್ಲಿ ಒಂದು ಪಾಲು ಅಂತ ಆದಾಯ ಗೊತ್ತಾಯಿತು. ಅದರ ಬೆನ್ನಲ್ಲೇ 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆಗಿ, 1963ರ ಫೆಬ್ರವರಿ ಒಂದರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ ಹೋದವು ಅಂತ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅವುಗಳ ಜೊತೆ ತಳವಾರ, ತೋಟಿ, ನೀರುಗಂಟಿ ಚಾಕರಿಯೂ ಹೋಯಿತು ಎಂಬುದನ್ನು ಮರೆತಿದ್ದೇವೆ. ಅಪ್ಪ ಮಾಡಿದ್ದಕ್ಕೆ ಮಗನೂ ಮಾಡಬೇಕೆಂಬ ಕಟ್ಟು ಕಾನೂನಿನಲ್ಲಿ ಹರಿಯಿತು, ಚಾಕರಿ ಇನಾಮಿನ ಜಮೀನು ಅವರ ಹೆಸರಿಗೆ ಮರುಮಂಜೂರಾಗಲು ದಾರಿಯಾಯಿತು. ಆಗಬೇಕಾದ ಕೆಲಸವೇ ಅದು. ಆದರೆ ತೂಬು ಎತ್ತುವವನಿಗೆ ಇನ್ನು ಮುಂದೆ ಸಂಬಳ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಪಂಚಾಯ್ತಿ ಬಜೆಟ್ಟಿನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಕೆರೆ ಒಂದು ಇಲಾಖೆಗೆ, ಕಂದಾಯ ಇನ್ನೊಂದು ಇಲಾಖೆಗೆ. ರಾಜ್ಯದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅಂತಾರೆ, ಅವುಗಳಲ್ಲಿ ಎಷ್ಟೋ ಹೂಳು ತುಂಬಿ ಕೂತದ್ದಕ್ಕೆ ಮಳೆ ಒಂದೇ ಕಾರಣ ಅಲ್ಲ. ಕೂಲಿ ಗೊತ್ತಿಲ್ಲದ ಕೆಲಸ ಯಾರೂ ಮಾಡುವುದಿಲ್ಲ.

ಅಷ್ಟರಲ್ಲಿ ನೀರೇ ಜಾಗ ಬದಲಾಯಿಸಿತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕಾಯಿದೆ ಮಾಡಿತು. 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ. ಇದರ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಬರಗಾಲದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ್ದರಿಂದ ಜನ ಪ್ರೀತಿಯಿಂದ ‘ನೀರ್ ಸಾಬ್’ ಅಂದರು. 1988ರಲ್ಲಿ ಅವರು ತೀರಿಕೊಂಡಾಗ ಹಳ್ಳಿಗಳಲ್ಲಿ ಮನೆಯವರೇ ಹೋದ ಹಾಗೆ ಮರುಗಿದರು. ಹಣಕಾಸಿನ ದೃಷ್ಟಿಯಿಂದಲೂ ಆ ಕಾಲ ಮುಖ್ಯವಾದದ್ದು. ಯಾವ ಜಿಲ್ಲೆಗೆ ಯಾವ ಬಾಬ್ತಿಗೆ ಎಷ್ಟು ಎಂಬುದನ್ನು ರಾಜ್ಯ ಬಜೆಟ್ಟಿನ ಜೊತೆ ಬೇರೆ ಪುಸ್ತಕ ಮಾಡಿ ಅಚ್ಚು ಹಾಕಿಸಿದರು, ಅದಕ್ಕೆ ಲಿಂಕ್ ಡಾಕ್ಯುಮೆಂಟ್ ಅಂತ ಹೆಸರು. ಕೊಟ್ಟದ್ದೆಷ್ಟು ಎಂಬುದು ಗುಟ್ಟಾಗಿ ಉಳಿಯಲಿಲ್ಲ. 1989ರಲ್ಲಿ ಜವಾಹರ್ ರೋಜ್‌ಗಾರ್ ಯೋಜನೆ ಬಂದು ಕೇಂದ್ರದ ಹಣವೂ ಹಳ್ಳಿಯ ಮಟ್ಟಕ್ಕೆ ಇಳಿಯಿತು. 1992ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆ ಆಗದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಅದೊಂದು ವ್ಯಸನದ ಕಥೆ.

ಆ ವ್ಯಸನಕ್ಕೆ ಔಷಧಿಯಾಗಿ ಬಂದದ್ದು ಸಂವಿಧಾನದ 73ನೆಯ ತಿದ್ದುಪಡಿ, 1993ರ ಏಪ್ರಿಲ್ 24ರಿಂದ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆ ಅದೇ ವರ್ಷ ಮೇ 10ಕ್ಕೆ ಜಾರಿಯಾಯಿತು, ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಆಯಿತು. ನಾನೂರು ಜನಕ್ಕೊಬ್ಬ ಸದಸ್ಯ. ಪರಿಶಿಷ್ಟ ಜಾತಿ, ಪಂಗಡಗಳಿಗೆ, ಹಿಂದುಳಿದ ವರ್ಗದವರಿಗೆ, ಮಹಿಳೆಯರಿಗೆ ಸದಸ್ಯ ಸ್ಥಾನದಲ್ಲಷ್ಟೇ ಅಲ್ಲ, ಅಧ್ಯಕ್ಷರ ಕುರ್ಚಿಯಲ್ಲೂ ಮೀಸಲು. 2010ರಲ್ಲಿ ಮಹಿಳೆಯರ ಪಾಲು ಅರ್ಧಕ್ಕೆ ಏರಿತು. ಯಾರ ಮನೆಯವರು ಕಣದ ಅಂಚಿನಲ್ಲಿ ಮೊರ ಹಿಡಿದು ಆಯಕ್ಕೆ ಕಾದು ನಿಲ್ಲುತ್ತಿದ್ದರೋ ಅದೇ ಮನೆಯ ಹೆಣ್ಣುಮಗಳು ಕುರ್ಚಿಯ ಮೇಲೆ ಕೂತು ‘ಈ ಬಾಬ್ತು ಮಂಜೂರು’ ಅಂತ ಸಹಿ ಹಾಕುವ ದಿನ ಬಂತು. ಸಹಿ ಮಾತ್ರ ಆಕೆಯದು, ಮಾತು ಗಂಡನದು ಅಥವಾ ಊರ ಯಜಮಾನರದು ಅಂತ ನಗಾಡುವವರಿದ್ದಾರೆ. ಬಹಳ ಕಡೆ ಅದು ನಿಜವೂ ಇತ್ತು. ಆದರೆ ಎರಡನೆಯ ಅವಧಿಗೆ, ಮೂರನೆಯ ಅವಧಿಗೆ ಮಾತೂ ಆಕೆಯದೇ ಆದ ಊರುಗಳನ್ನು ನೋಡಿದವರು ನಗುವುದನ್ನು ಬಿಟ್ಟಿದ್ದಾರೆ.

ಈಗ ಬಜೆಟ್ ಸಭೆಗೆ ಬರೋಣ. ಏಪ್ರಿಲ್ ಒಂದಕ್ಕೆ ಹೊಸ ವರ್ಷ ಶುರು, ಆದ್ದರಿಂದ ಫೆಬ್ರವರಿ ಮಾರ್ಚಿನಲ್ಲಿ ಅಂದಾಜು ಪಟ್ಟಿ ಮಂಡಿಸಿ, ಸದಸ್ಯರು ಒಪ್ಪಿ, ತಾಲ್ಲೂಕು ಪಂಚಾಯ್ತಿಗೆ ಕಳಿಸಬೇಕು. ಜಮೆಯ ಕಡೆ ಮನೆ ಕಂದಾಯ, ನೀರಿನ ಕರ, ಸಂತೆ ಹರಾಜು, ಕೆರೆ ಮೀನಿನ ಹರಾಜು, ಜಾಹೀರಾತು ಬೋರ್ಡಿನ ತೆರಿಗೆ, ಜಾತ್ರೆಯಿದ್ದರೆ ಯಾತ್ರಿಕರ ಶುಲ್ಕ. ಕಂದಾಯದ ರಸೀತಿ ನೋಡಿದರೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಬಾಲ ಬೇರೆ. ಅವು ಪಂಚಾಯ್ತಿಗೆ ಉಳಿಯುವ ದುಡ್ಡಲ್ಲ, ವಸೂಲು ಮಾಡಿ ಆಯಾ ಕಡೆಗೆ ಕಟ್ಟಬೇಕು. ಖರ್ಚಿನ ಕಡೆ ಚರಂಡಿ, ಬೀದಿ ದೀಪ, ಕಸದ ಗಾಡಿ, ಸ್ಮಶಾನದ ದಾರಿ, ಶಾಲೆಯ ಕಾಂಪೌಂಡು. ಜಗಳ ಸಾಮಾನ್ಯವಾಗಿ ಚರಂಡಿ ಮೊದಲು ಯಾವ ಬೀದಿಗೆ ಎಂಬಲ್ಲಿ. ಸ್ಮಶಾನದ ದಾರಿ ಯಾವ ವರ್ಷದ ಪಟ್ಟಿಯಲ್ಲೂ ತಪ್ಪುವುದಿಲ್ಲ, ಯಾವ ವರ್ಷವೂ ಆಗುವುದಿಲ್ಲ.

ನಿಜವಾದ ಮಾತು ಇರುವುದು ನೀರಿನಲ್ಲಿ. ಕೈಪಂಪು ಒತ್ತುವಾಗ ಕರೆಂಟ್ ಬಿಲ್ ಇರಲಿಲ್ಲ. ಆಮೇಲೆ ಕಿರು ನೀರು ಸರಬರಾಜು ಬಂತು, ಬೋರಿಗೆ ಮೋಟಾರು ಇಳಿಯಿತು, ಸಿಸ್ಟರ್ನ್ ಕೂತಿತು. ಹೆಂಗಸರ ತೋಳಿನ ನೋವು ಹೋಯಿತು, ಬಹಳ ಒಳ್ಳೆಯದು. ಮೋಟಾರಿನ ಹಿಂದೆಯೇ ಮೀಟರೂ ಬಂತು. ಅಂತರ್ಜಲ ಕೆಳಗಿಳಿದಷ್ಟೂ ಮೋಟಾರಿನ ಹಾರ್ಸ್‌ಪವರ್ ಹೆಚ್ಚಿತು, ಬಿಲ್ಲೂ ಹೆಚ್ಚಿತು. ಕೆರೆ ತುಂಬಿದ್ದರೆ ಬೋರಿಗೆ ನೀರು ಮೇಲೇ ಸಿಗುತ್ತಿತ್ತು. ಕೆರೆಯ ನೀರುಗಂಟಿಗೆ ಕೊಡದೆ ಉಳಿಸಿದ ಕೂಲಿಯನ್ನು ಈಗ ಬಡ್ಡಿ ಸಮೇತ ವಿದ್ಯುತ್ ಕಂಪನಿಗೆ ಕಟ್ಟುತ್ತಿದ್ದೇವೆ ಅಂದರೆ ತಪ್ಪಾಗಲಾರದು. ರಾಜ್ಯದ ತುಂಬ ಗ್ರಾಮ ಪಂಚಾಯ್ತಿಗಳ ವಿದ್ಯುತ್ ಬಾಕಿ ದೊಡ್ಡ ತಲೆನೋವಾದದ್ದು ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇ. ಸರ್ಕಾರ ಕೊಡುವ ಶಾಸನಬದ್ಧ ಅನುದಾನದ ದೊಡ್ಡ ಭಾಗ ಆ ಬಿಲ್ಲಿಗೂ ನೌಕರರ ಸಂಬಳಕ್ಕೂ ಹೋದರೆ ಊರು ತನ್ನ ಇಷ್ಟದಂತೆ ತೀರ್ಮಾನ ಮಾಡಲು ಉಳಿಯುವುದೆಷ್ಟು? ಕೇಂದ್ರದ ಹಣಕಾಸು ಆಯೋಗದ ದುಡ್ಡು ಬರುತ್ತದೆ, ಷರತ್ತಿನ ಜೊತೆ ಬರುತ್ತದೆ. ಹದಿನೈದನೆಯ ಆಯೋಗ 2021ರಿಂದ 2026ರವರೆಗಿನ ಅವಧಿಗೆ ನೂರಕ್ಕೆ ಅರವತ್ತನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ಮೇಲಿನವರು ಗೆರೆ ಹಾಕಿ ಕಳಿಸಿದ ಕಾಗದದ ಮೇಲೆ ಅಂಕಿ ತುಂಬುವುದಕ್ಕೂ ಬಜೆಟ್ ಮಾಡುವುದಕ್ಕೂ ವ್ಯತ್ಯಾಸ ಇದೆ.

ಊರಿಗೆ ಗೆರೆ ಇಲ್ಲದ ದುಡ್ಡು ಅಂತ ಇರುವುದು ತಾನೇ ವಸೂಲು ಮಾಡಿದ್ದು. ಅದನ್ನೇ ನಾವು ಕೊಡುವುದಿಲ್ಲ. ಮನೆ ಕಂದಾಯ ಏರಿಸುವ ಠರಾವು ಬಂದರೆ ಪಕ್ಷಭೇದ ಮರೆತು ಎಲ್ಲ ಸದಸ್ಯರೂ ಒಂದಾಗಿ ‘ಮುಂದಿನ ಸಭೆಗೆ ಇಡಿ’ ಅಂತಾರೆ. ಮತ ಕೇಳಬೇಕಾದವರ ಕಷ್ಟ ಅದು, ಅವರನ್ನೊಬ್ಬರನ್ನೇ ಬೈದು ಉಪಯೋಗ ಇಲ್ಲ. 2019ರಲ್ಲಿ ಜಲ ಜೀವನ್ ಮಿಷನ್ ಬಂದು ಮನೆಮನೆಗೆ ನಲ್ಲಿ ಹಾಕುವಾಗ ಊರಿನ ವಂತಿಗೆ ಅಂತ ಕೇಳಿದರಲ್ಲ, ಆಗ ಎಷ್ಟು ಗಲಾಟೆ! ಮೊಬೈಲಿನ ಕರೆನ್ಸಿಗೆ ತಿಂಗಳು ತಿಂಗಳು ಮರುಮಾತಿಲ್ಲದೆ ಕೊಡುವ ಕೈ, ನೀರಿಗೆ ಮಾತ್ರ ಜೇಬಿನಿಂದ ಹೊರಗೆ ಬರುವುದಿಲ್ಲ. ಸೊಸೈಟಿ ಸಾಲದ ಕಂತು ತಪ್ಪಿದರೆ ಮುಂದಿನ ಸಲ ಗೊಬ್ಬರ ಸಿಗುವುದಿಲ್ಲ ಎಂಬ ಹೆದರಿಕೆಯಾದರೂ ಇದೆ. ನೀರಿನ ಕರ ತಪ್ಪಿದರೂ ನೀರು ಬರುತ್ತದೆ. ಬರದಿದ್ದಾಗ ಬೈಸಿಕೊಳ್ಳುವವನು ನೀರುಗಂಟಿ.

ಗ್ರಾಮಸಭೆಗೆ ಕಾಯಿದೆ ಇಟ್ಟ ಕೋರಂ ಬಹಳ ದೊಡ್ಡದಲ್ಲ. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಮನೆ ಮಂಜೂರಾತಿಯ ಪಟ್ಟಿ ಇದ್ದ ದಿನ ನೂರಲ್ಲ, ಐನೂರು ಜನ ಸೇರುತ್ತಾರೆ. ಲೆಕ್ಕಪತ್ರ ಓದುವ ದಿನ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸುವ ಪರಿಪಾಠ ಕೆಲವು ಕಡೆ ಇತ್ತು. ಇದನ್ನು ತಪ್ಪಿಸಲೆಂದೇ ಜಮಾಬಂದಿ ಅಂತ ಇನ್ನೊಂದು ಏರ್ಪಾಡು ಬಂತು. ವರ್ಷದ ಕಾಮಗಾರಿ, ರಸೀತಿ, ಓಚರು ಎಲ್ಲವನ್ನೂ ಊರವರ ಎದುರಿಗೆ ಹರಡಿ, ಬೇಕಾದರೆ ಚರಂಡಿಯ ಹತ್ತಿರಕ್ಕೇ ಹೋಗಿ ಉದ್ದ ಅಳೆದು ನೋಡುವುದು. ಕಣದಲ್ಲಿ ಕೊಳಗ ಅಳೆದ ಹಾಗೆ.

ಆ ದಿನ ಹೋದವರು ನೀರು ಸರಬರಾಜಿನ ಪುಟ ತೆಗೆಸಿ ನೋಡಬಹುದು. ಮೋಟಾರು ರಿಪೇರಿ ಎಷ್ಟು, ಕರೆಂಟ್ ಬಿಲ್ ಎಷ್ಟು, ನೀರುಗಂಟಿಯ ಸಂಬಳ ಎಷ್ಟು, ಅದು ಯಾವ ತಿಂಗಳವರೆಗೆ ಸಂದಾಯವಾಗಿದೆ ಎಂಬುದು ಒಂದು ಕಡೆ. ಊರಿನ ಇಷ್ಟು ನಲ್ಲಿಗಳಿಂದ ವರ್ಷಕ್ಕೆ ಬರಬೇಕಾದ ಕರ ಎಷ್ಟು, ಬಂದದ್ದೆಷ್ಟು ಎಂಬುದು ಇನ್ನೊಂದು ಕಡೆ. ಬಾಕಿದಾರರ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರೆ ಸಭೆಯಲ್ಲಿ ಸ್ವಲ್ಪ ಹೊತ್ತು ನಿಶ್ಶಬ್ದವಾಗುತ್ತದೆ. ಕೊನೆಯ ಬೀದಿಯವರು ಮಾತ್ರ, ನಮ್ಮ ಕಡೆಗೆ ನೀರು ಬರುವುದೇ ವಾರಕ್ಕೆ ಎರಡು ದಿನ, ಪೂರ್ತಿ ಕರ ಯಾಕೆ ಕೊಡಬೇಕು ಅಂತ ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದು, ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು.